ವಿಲೇವಾರಿ ಎಂಬ ಸುಳ್ಳು

ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ವಿಲೇವಾರಿ’ ಎಂಬ ಮಾತಿಗೆ ನಿಘಂಟಿನಲ್ಲಿಲ್ಲದ ಅರ್ಥವೊಂದಿದೆ. ಕಡತ ವಿಲೇವಾರಿಯಾಯಿತು ಅಂದರೆ ಅರ್ಜಿದಾರನ ಕೆಲಸ ಆಯಿತೆಂದಲ್ಲ, ಕಡತ ಈ ಮೇಜಿನಿಂದ ಎದ್ದು ಇನ್ನೊಂದು ಮೇಜಿಗೆ ಹೋಯಿತೆಂದು. ಗುಮಾಸ್ತನ ವಹಿಯಲ್ಲಿ ಬಾಕಿ ಸೊನ್ನೆ. ಅರ್ಜಿದಾರ ಮಾತ್ರ ಚಪ್ಪಲಿ ಸವೆಸುತ್ತ ಅದೇ ಕಾರಿಡಾರಿನಲ್ಲಿ ನಿಂತಿರುತ್ತಾನೆ.

ಅವಧಿ ಮೀರಿದ ಮದ್ದುಗುಂಡುಗಳನ್ನು ಜಗತ್ತಿನ ಸೈನ್ಯಗಳು ನೂರು ವರ್ಷಗಳಿಂದ ವಿಲೇವಾರಿ ಮಾಡುತ್ತ ಬಂದಿರುವುದು ಅಕ್ಷರಶಃ ಈ ಅರ್ಥದಲ್ಲಿ. ಉಗ್ರಾಣದ ವಹಿಯಿಂದ ಇಳಿದದ್ದು ಗಾಳಿಯ ವಹಿಗೆ ಏರುತ್ತದೆ. ಗಾಳಿಯಿಂದ ಮಣ್ಣಿಗೆ, ಮಣ್ಣಿನಿಂದ ಅಂತರ್ಜಲಕ್ಕೆ, ಅಲ್ಲಿಂದ ಯಾವುದೋ ಊರಿನ ಯಾರದೋ ಮನೆಯ ಕೊಡಕ್ಕೆ. ಸೇನೆಯ ಲೆಕ್ಕದಲ್ಲಿ ಬಾಕಿ ಸೊನ್ನೆ. ಇದನ್ನು ನಾವು ಎಷ್ಟು ಆರಾಮವಾಗಿ ಒಪ್ಪಿಕೊಂಡಿದ್ದೇವೆಂದರೆ ಇದರ ಬಗ್ಗೆ ಜಗಳವೇ ನಡೆಯುವುದಿಲ್ಲ. ‘ಹಳೆಯ ಮದ್ದು, ಮುಟ್ಟಿದರೆ ಸಿಡಿಯುತ್ತದೆ. ಬಯಲಿಗೆ ಒಯ್ದು ಸುಟ್ಟುಹಾಕುವುದು ಅಥವಾ ಗುಂಡಿಯಲ್ಲಿಟ್ಟು ಸಿಡಿಸುವುದೇ ಸುರಕ್ಷಿತ, ಅಗ್ಗ, ಬೇಗ.’ ಸೇನಾಧಿಕಾರಿ ಇದನ್ನು ಹೇಳುತ್ತಾನೆ, ಮಂತ್ರಾಲಯ ತಲೆಯಾಡಿಸುತ್ತದೆ, ಪತ್ರಿಕೆ ಒಳಪುಟದಲ್ಲಿ ಅಚ್ಚು ಹಾಕುತ್ತದೆ, ನಾವು ಪುಟ ತಿರುಗಿಸುತ್ತೇವೆ.

ಸುರಕ್ಷಿತ. ಸರಿ. ಯಾರಿಗೆ?

ಫ್ರಾನ್ಸಿನ ವೆರ್ಡನ್ ಬಳಿಯ ಸ್ಪ್ಯಾಂಕೂರ್ ಕಾಡಿನೊಳಗೆ ಮರಗಳಿಲ್ಲದ ಒಂದು ಬಯಲಿದೆ. ‘ಪ್ಲಾಸ್ ಆ ಗಾಜ್’, ಅಂದರೆ ಅನಿಲದ ಜಾಗ, ಎಂದು ಅದನ್ನು ಕರೆಯುತ್ತಾರೆ. ಮೊದಲ ಮಹಾಯುದ್ಧದಲ್ಲಿ ಉಳಿದ ಸುಮಾರು 2 ಲಕ್ಷ ಜರ್ಮನ್ ರಾಸಾಯನಿಕ ಶೆಲ್‌ಗಳನ್ನು 1928ರಲ್ಲಿ ಅಲ್ಲಿ ರಾಶಿ ಹಾಕಿ ಸುಟ್ಟರು. ಆಗಲೂ ಅದು ಸುರಕ್ಷಿತ, ಅಗ್ಗ, ಬೇಗ. ಸುಮಾರು 80 ವರ್ಷಗಳ ನಂತರ ವಿಜ್ಞಾನಿಗಳು ಅಲ್ಲಿನ ಮೇಲ್ಮಣ್ಣನ್ನು ಪರೀಕ್ಷೆಗೆ ಒಯ್ದರೆ, ಕೆಲವು ಮಾದರಿಗಳಲ್ಲಿ ತೂಕದ ಶೇ 17ರಷ್ಟು ಆರ್ಸೆನಿಕ್ ಸಿಕ್ಕಿತು. ರಾಯಚೂರು, ಯಾದಗಿರಿ ಕಡೆಯ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಕಂಡಾಗ ನಾವು ಅಳೆದದ್ದು ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 10 ಮೈಕ್ರೋಗ್ರಾಂ. ಇಲ್ಲಿ ಒಂದು ಕಿಲೋ ಮಣ್ಣಿಗೆ 170 ಗ್ರಾಂ. ಒಂದಿಷ್ಟು ಪಾಚಿ, ಕಲ್ಲುಹೂ, ಹಟಮಾರಿ ಹುಲ್ಲು ಬಿಟ್ಟರೆ ಅಲ್ಲಿ ಏನೂ ಬೆಳೆಯುವುದಿಲ್ಲ. ಬೆಂಕಿ ಹಚ್ಚಿದವರು, ಹಚ್ಚಲು ಹೇಳಿದವರು, ಬಿಲ್ಲಿಗೆ ಸಹಿ ಹಾಕಿದವರು ಎಲ್ಲರೂ ತೀರಿಕೊಂಡಿದ್ದಾರೆ. ಆ ವಿಲೇವಾರಿ ಮಾತ್ರ ಇನ್ನೂ ಮುಗಿದಿಲ್ಲ.

ಇದು ಹಳೆಯ ಕಥೆ, ಆಗ ವಿಜ್ಞಾನ ಇಷ್ಟು ಬೆಳೆದಿರಲಿಲ್ಲ ಎನ್ನುವವರಿಗಾಗಿ ನಮ್ಮದೇ ಕಾಲದ ಕಥೆಯೊಂದನ್ನು ಹೇಳಬೇಕು. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಈ ‘ಬೇರೆ ದಾರಿಯೇ ಇಲ್ಲ’ ಎಂಬ ಮಾತಿನ ಬಂಡವಾಳ ಪೂರ್ತಿ ಬಯಲಾದದ್ದು ಅಲ್ಲಿ.

ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಕ್ಯಾಂಪ್ ಮಿಂಡೆನ್ ಎಂಬ ಜಾಗವಿದೆ, ಹಿಂದೆ ಸೇನೆಯ ಮದ್ದುಗುಂಡು ಕಾರ್ಖಾನೆಯಿದ್ದ ನೆಲ. ಫಿರಂಗಿಗಳಲ್ಲಿ ಬಳಸುವ ಎಂ6 ಎಂಬ ಹಳೆಯ ಮದ್ದನ್ನು ಬೇರ್ಪಡಿಸಿ ವಿಲೇವಾರಿ ಮಾಡುವ ಗುತ್ತಿಗೆಯನ್ನು ಸೇನೆ 2010ರಲ್ಲಿ ಎಕ್ಸ್‌ಪ್ಲೋ ಸಿಸ್ಟಮ್ಸ್ ಎಂಬ ಕಂಪನಿಗೆ ಕೊಟ್ಟಿತು. 2012ರ ಅಕ್ಟೋಬರ್ 15ರ ರಾತ್ರಿ ಅಲ್ಲಿನ ಒಂದು ಉಗ್ರಾಣ ಸಿಡಿಯಿತು. ಮೈಲುಗಟ್ಟಲೆ ದೂರದ ಮನೆಗಳ ಕಿಟಕಿ ಗಾಜು ಉದುರಿದವು. ಪೊಲೀಸರು ಒಳಹೊಕ್ಕು ನೋಡಿದರೆ ಪೆಟ್ಟಿಗೆಗಳಲ್ಲಿ, ಚೀಲಗಳಲ್ಲಿ, ಕೆಲವೆಡೆ ಬಯಲಲ್ಲೇ, ಲೆಕ್ಕವಿಲ್ಲದಷ್ಟು ಮದ್ದು ಬಿದ್ದಿತ್ತು. ಲೆಕ್ಕ ಹಾಕಿದಾಗ 1 ಕೋಟಿ 57 ಲಕ್ಷ ಪೌಂಡ್, ಅಂದರೆ 7 ಸಾವಿರ ಟನ್ನಿಗೂ ಹೆಚ್ಚು. ಪಕ್ಕದ ಡಾಯ್ಲಿನ್ ಎಂಬ ಪುಟ್ಟ ಊರನ್ನೇ ಕೆಲವು ದಿನ ಖಾಲಿ ಮಾಡಿಸಬೇಕಾಯಿತು. ಮರುವರ್ಷ ಕಂಪನಿ ದಿವಾಳಿ ಎಂದು ಕೈಯೆತ್ತಿತು. ಸೇನೆ ಕಂಪನಿಯ ಕಡೆ ಬೆರಳು ತೋರಿಸಿತು. ಕಡತ ಮೇಜಿನಿಂದ ಮೇಜಿಗೆ ಹೋಗುವುದೆಂದರೆ ಇದು.

ಆಮೇಲೆ ಪರಿಸರ ಕಾಯಬೇಕಾದ ಇಲಾಖೆಯೇ ಸೂಚಿಸಿದ ಪರಿಹಾರವೇನು ಗೊತ್ತೆ? ಆ ಅಷ್ಟೂ ಮದ್ದನ್ನು ಬಯಲಲ್ಲಿ ಟ್ರೇಗಳಿಗೆ ಸುರಿದು ಸುಡುವುದು! 2014ರ ಅಕ್ಟೋಬರಿನಲ್ಲಿ ಸೇನೆ, ರಾಜ್ಯ, ಪರಿಸರ ಸಂರಕ್ಷಣಾ ಸಂಸ್ಥೆ ಎಲ್ಲರೂ ಕೂತು ಹಾಗೆಂದು ಒಪ್ಪಂದವನ್ನೂ ಬರೆದುಕೊಂಡರು. ಮದ್ದು ದಿನದಿನಕ್ಕೂ ಹದಗೆಡುತ್ತಿದೆ, ಸಮಯವಿಲ್ಲ, ಬೇರೆ ದಾರಿಯಿಲ್ಲ. ಆದರೆ ಆ ಊರಿನವರು ಎದ್ದು ನಿಂತರು. ಶ್ರೀವ್‌ಪೋರ್ಟಿನ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬ್ರಯಾನ್ ಸಾಲ್ವಟೋರ್ ಎಂ6ನೊಳಗೆ ಏನಿದೆ ಎಂಬುದನ್ನು ಜನರಿಗೆ ಬಿಡಿಸಿ ಹೇಳಿದರು. ಅದರಲ್ಲಿರುವ ಡೈನೈಟ್ರೋಟಾಲ್ಯೂಯಿನ್ ಕ್ಯಾನ್ಸರ್‌ಕಾರಕ ಇರಬಹುದಾದ ವಸ್ತು ಎಂದು ಪಟ್ಟಿ ಮಾಡಿರುವುದು ಅದೇ ಪರಿಸರ ಸಂಸ್ಥೆ. ಸಭೆಗಳು, ಪತ್ರಗಳು, ಪ್ರತಿಭಟನೆ. ತಿಂಗಳುಗಳಲ್ಲಿ ಸರ್ಕಾರ ಮಣಿಯಿತು. ಮುಚ್ಚಿದ ಕೊಠಡಿಯಲ್ಲಿ ಸುಟ್ಟು, ಹೊಗೆಯನ್ನು ಶೋಧಿಸಿ ಹೊರಬಿಡುವ ಯಂತ್ರ ಬಂತು. 2016ರ ವಸಂತದಲ್ಲಿ ಶುರುವಾದ ಕೆಲಸ 2017ರ ವಸಂತದಲ್ಲಿ ಮುಗಿಯಿತು.

ಒಂದು ವರ್ಷ! ಸಾಧ್ಯವೇ ಇಲ್ಲ ಎಂದದ್ದು ಒಂದು ವರ್ಷದಲ್ಲಿ ಮುಗಿಯಿತು. ಹಾಗಾದರೆ 2014ರ ಒಪ್ಪಂದಕ್ಕೆ ಸಹಿ ಹಾಕಿದ ತಜ್ಞರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲವೆಂದರೆ ಅವರು ತಜ್ಞರಲ್ಲ. ಗೊತ್ತಿತ್ತೆಂದರೆ ‘ಬೇರೆ ದಾರಿಯಿಲ್ಲ’ ಎಂದದ್ದು ಸುಳ್ಳು. ಎರಡರಲ್ಲಿ ಯಾವುದನ್ನು ಒಪ್ಪಿಕೊಳ್ಳುತ್ತಾರೋ ಅವರಿಗೇ ಬಿಡೋಣ.

ಈ ಸುಳ್ಳಿಗೆ ಕಾನೂನಿನ ಅಂಗಿ ತೊಡಿಸಿದ್ದು 1980ರಲ್ಲಿ. ಆ ವರ್ಷ ಅಮೆರಿಕ ಅಪಾಯಕಾರಿ ತ್ಯಾಜ್ಯವನ್ನು ಬಯಲಲ್ಲಿ ಸುಡುವುದನ್ನು ನಿಷೇಧಿಸಿತು. ಒಂದೇ ಒಂದು ವಿನಾಯಿತಿ: ಬೇರೆ ಯಾವ ವಿಧಾನದಲ್ಲೂ ಸುರಕ್ಷಿತವಾಗಿ ವಿಲೇವಾರಿ ಮಾಡಲಾಗದ ಸ್ಫೋಟಕಗಳಿಗೆ. ಮಾತು ನ್ಯಾಯವಾಗಿಯೇ ಇದೆ. ಆದರೆ ಆ ಕಿಂಡಿಯೊಳಗೆ ಆನೆಗಳ ಮಂದೆಯೇ ನುಗ್ಗಿತು. ‘ಬೇರೆ ವಿಧಾನ ಇಲ್ಲದಿದ್ದರೆ’ ಎಂಬುದನ್ನು ‘ಬೇರೆ ವಿಧಾನ ಹುಡುಕದಿದ್ದರೆ’ ಎಂದು ಓದಿಕೊಂಡು ನಾಲ್ಕು ದಶಕ ಸುಟ್ಟರು. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ ಸಮಿತಿ 2019ರ ವರದಿಯಲ್ಲಿ, ಸಾಂಪ್ರದಾಯಿಕ ಮದ್ದುಗುಂಡುಗಳಲ್ಲಿ ಬಹುತೇಕ ಎಲ್ಲದಕ್ಕೂ ಪರ್ಯಾಯ ವಿಧಾನಗಳಿವೆ ಎಂದು ಹೇಳಿತು. 2024ರ ಮಾರ್ಚಿನಲ್ಲಿ ಪರಿಸರ ಸಂಸ್ಥೆ ಈ ಕಿಂಡಿಯನ್ನು ಕಿರಿದು ಮಾಡುವ ಹೊಸ ನಿಯಮದ ಕರಡು ಹೊರಡಿಸಿತು. 44 ವರ್ಷಗಳ ನಂತರ, ಅದೂ ಕರಡು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತೇವೆ. ಇಲ್ಲಿ ಬಾಗಿಲು ಮಾಡಿಸಲು ಬಡಗಿಯನ್ನು ಕರೆಸಿದ್ದಾರೆ, ಅಷ್ಟೆ.

ಬಯಲಲ್ಲಿ ಸುಟ್ಟರೆ ಆಗುವುದಾದರೂ ಏನು? ಬೆಂಕಿಗೆ ಹಾಕಿದ್ದೆಲ್ಲ ಭಸ್ಮ ಎಂಬುದು ನಮ್ಮ ನಂಬಿಕೆ, ಹೋಮದ ಹೊಗೆ ನೋಡಿ ಬೆಳೆದವರಲ್ಲವೇ. ಬಯಲ ಬೆಂಕಿಗೆ ಒಂದೇ ಸಮನಾದ ಶಾಖವಿಲ್ಲ, ಸಾಕಷ್ಟು ಆಮ್ಲಜನಕವಿಲ್ಲ, ಉರಿಯಲು ಸಾಕಷ್ಟು ಹೊತ್ತೂ ಇಲ್ಲ. ಅರೆಬೆಂದ ಮದ್ದಿನ ಚೂರು ಸುತ್ತ ಚಿಮ್ಮುತ್ತವೆ. ಸೀಸ, ಬೇರಿಯಂ, ಕ್ರೋಮಿಯಂ ಭಸ್ಮವಾಗುವ ವಸ್ತುಗಳೇ ಅಲ್ಲ. ಅವು ಪುಡಿಯಾಗಿ ಎದ್ದು ಗಾಳಿ ಕರೆದ ಕಡೆ ಹೋಗಿ ಕೂರುತ್ತವೆ. ಆರ್‌ಡಿಎಕ್ಸ್ ಮಣ್ಣಿಗೆ ಗಟ್ಟಿಯಾಗಿ ಅಂಟುವುದಿಲ್ಲ, ಮಳೆನೀರಿನ ಜೊತೆ ಕೆಳಗಿಳಿದು ಅಂತರ್ಜಲ ಸೇರುತ್ತದೆ. ರಾಕೆಟ್ ಇಂಧನದ ಪರ್ಕ್ಲೋರೇಟ್ ಇನ್ನೂ ಚುರುಕು. ನೀರಲ್ಲಿ ಉಪ್ಪಿನಂತೆ ಕರಗಿ, ಕುಡಿದವರ ದೇಹದಲ್ಲಿ ಥೈರಾಯ್ಡಿಗೆ ಹೋಗಬೇಕಾದ ಅಯೋಡಿನ್ನಿನ ದಾರಿಗೆ ಅಡ್ಡ ನಿಲ್ಲುತ್ತದೆ. ಮ್ಯಾಸಚೂಸೆಟ್ಸಿನ ಕೇಪ್ ಕಾಡ್‌ನಲ್ಲಿ ಸೇನೆಯ ತರಬೇತಿ ನೆಲದ ಅಡಿಯಲ್ಲೇ ಊರವರ ಕುಡಿಯುವ ನೀರಿನ ಸೆಲೆಯಿತ್ತು. ಆ ನೀರಿಗೆ ಅಪಾಯವೆಂದು 1997ರಲ್ಲಿ ಅಲ್ಲಿ ನಿಜಗುಂಡಿನ ತಾಲೀಮನ್ನೇ ನಿಲ್ಲಿಸುವಂತೆ ಆದೇಶವಾಯಿತು. ಅದರ ನಂತರ ದಶಕಗಳ ಕಾಲ ನೀರನ್ನು ಮೇಲೆತ್ತಿ, ತೊಳೆದು, ಮತ್ತೆ ಕೆಳಗೆ ಬಿಡುವ ಕೆಲಸ. ಅದರ ಬಿಲ್ಲನ್ನು ‘ಅಗ್ಗ’ ಎಂಬ ಕಾಲಮ್ಮಿನಲ್ಲಿ ಯಾರಾದರೂ ಸೇರಿಸಿದ್ದಾರೆಯೇ?

ಅಗ್ಗದ ಲೆಕ್ಕ ಯಾವಾಗಲೂ ಹೀಗೆಯೇ. ಟನ್ನಿಗೆ ಎಷ್ಟು ಖರ್ಚು ಎಂದು ಹೋಲಿಸುವಾಗ ಬಯಲ ಬೆಂಕಿಯ ಪಕ್ಕದಲ್ಲಿ ಬರೆಯುವುದು ಡೀಸೆಲ್, ಕೂಲಿ, ಲಾರಿ ಬಾಡಿಗೆ. ಮುಚ್ಚಿದ ಕುಲುಮೆಯ ಪಕ್ಕದಲ್ಲಿ ಬರೆಯುವುದು ಕಟ್ಟಡ, ಯಂತ್ರ, ಶೋಧಕ, ಸಿಬ್ಬಂದಿ, ನಿರ್ವಹಣೆ ಎಲ್ಲ. ಬಯಲಿಗೆ ಆಮೇಲೆ ಬೀಳುವ ಖರ್ಚು ಬೇರೆ ಇಲಾಖೆಯದು, ಬೇರೆ ದಶಕದ್ದು, ಆಸ್ಪತ್ರೆಯ ಸಾಲಿನಲ್ಲಿ ನಿಂತವನದು. ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ.

ಸುಡದೇ ಇದ್ದಾಗ ಮುಳುಗಿಸಿದರು. ಇದಕ್ಕೂ ಅದೇ ಮೂರು ವಿಶೇಷಣ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ನಡುವೆ ಬೋಫರ್ಟ್ಸ್ ಡೈಕ್ ಎಂಬ ಕಡಲ ಕಮರಿಯಿದೆ. ಬ್ರಿಟನ್ ಅಲ್ಲಿಗೆ ಹತ್ತು ಲಕ್ಷ ಟನ್ನಿಗೂ ಹೆಚ್ಚು ಮದ್ದುಗುಂಡು ಸುರಿಯಿತು. ಸುರಿಯಲು ಹೋದ ಹಡಗುಗಳು ಎಷ್ಟೋ ಸಲ ಕಮರಿಯವರೆಗೂ ಹೋಗಲಿಲ್ಲ. ಅರ್ಧ ದಾರಿಯಲ್ಲೇ ಸುರಿದು ಬಂದವು. ವಿಲೇವಾರಿಗೂ ಸೋಮಾರಿತನ! 1995ರಲ್ಲಿ ಆ ದಾರಿಯಲ್ಲಿ ಅನಿಲ ಕೊಳವೆ ಹಾಕಲು ತಳ ಕೆದಕಿದಾಗ ನಾಲ್ಕು ಸಾವಿರಕ್ಕೂ ಹೆಚ್ಚು ರಂಜಕದ ಬೆಂಕಿಬಾಂಬುಗಳು ಸ್ಕಾಟ್ಲೆಂಡಿನ ದಂಡೆಗೆ ತೇಲಿ ಬಂದವು. ಬಿಳಿ ರಂಜಕ ನೀರಿನೊಳಗೆ ಐವತ್ತು ವರ್ಷ ಸುಮ್ಮನಿರುತ್ತದೆ. ಹೊರಬಂದು ಒಣಗಿದರೆ ತಾನೇ ಹೊತ್ತಿಕೊಳ್ಳುತ್ತದೆ. ದಂಡೆಯಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡ ನಾಲ್ಕು ವರ್ಷದ ಹುಡುಗನೊಬ್ಬ ಸುಟ್ಟುಕೊಂಡ. ಅವನು ಯಾವ ಯುದ್ಧದ ಸೈನಿಕ?

ಜರ್ಮನಿಯ ಕಡಲಲ್ಲಿ ಸುಮಾರು 16 ಲಕ್ಷ ಟನ್ ಮದ್ದುಗುಂಡು ಬಿದ್ದಿದೆ. ಕವಚ ತುಕ್ಕು ಹಿಡಿದು ಒಳಗಿನ ಟಿಎನ್‌ಟಿ ನೀರಿಗೆ ಬರುತ್ತಿದೆ. ಕೀಲ್ ನಗರದ ಬಳಿಯ ಕೋಲ್ಬೆರ್ಗರ್ ಹೈಡೆ ಎಂಬ ಜಾಗದಲ್ಲಿ ಹಿಡಿದ ಚಪ್ಪಟೆ ಮೀನುಗಳಲ್ಲಿ ನಾಲ್ಕಕ್ಕೊಂದರ ಯಕೃತ್ತಿನಲ್ಲಿ ಗೆಡ್ಡೆ ಕಂಡಿತು; ಬೇರೆಡೆ ಆ ಪ್ರಮಾಣ ನೂರಕ್ಕೆ ಐದರ ಆಸುಪಾಸು. ಇನ್ನು ಅದನ್ನು ತೆಗೆಯಲು ಹೋದಾಗಲಾದರೂ ಬುದ್ಧಿ ಬಂತೇ? 2019ರ ಆಗಸ್ಟ್ ಕೊನೆಯಲ್ಲಿ ಫೆಹ್‌ಮಾರ್ನ್ ಜಲಸಂಧಿಯಲ್ಲಿ 42 ಹಳೆಯ ಬ್ರಿಟಿಷ್ ಮೈನ್‌ಗಳನ್ನು ಇದ್ದಲ್ಲೇ ಸಿಡಿಸಿದರು. ಮುಂದಿನ ಎರಡು-ಮೂರು ತಿಂಗಳಲ್ಲಿ ಆ ದಂಡೆಗೆ ಬಂದು ಬಿದ್ದ, ಕಡಲಹಂದಿ ಎಂದು ಕರೆಯುವ ಪುಟ್ಟ ತಿಮಿಂಗಿಲ ಜಾತಿಯ 24 ಪ್ರಾಣಿಗಳ ದೇಹಗಳನ್ನು ಕೊಯ್ದು ನೋಡಿದರೆ, ಹತ್ತರಲ್ಲಿ ಸ್ಫೋಟದ ಪೆಟ್ಟಿನ ಗುರುತುಗಳಿದ್ದವು. ಕಿವಿಯೊಳಗಿನ ಮೂಳೆ ಮುರಿದಿತ್ತು. ಕಿವಿಯಿಂದಲೇ ದಾರಿ, ಆಹಾರ ಹುಡುಕುವ ಜೀವಿ ಅದು. ಕೊನೆಗೆ ಜರ್ಮನಿ ಹತ್ತು ಕೋಟಿ ಯೂರೋ ತೆಗೆದಿಟ್ಟು, 2024ರಲ್ಲಿ ಲ್ಯೂಬೆಕ್ ಕೊಲ್ಲಿಯಲ್ಲಿ ಒಂದೊಂದಾಗಿ ಮೇಲೆತ್ತುವ ಪ್ರಯೋಗ ಶುರುಮಾಡಿತು. 16 ಲಕ್ಷ ಟನ್, ಒಂದೊಂದಾಗಿ! ಅಗ್ಗದ ವಿಲೇವಾರಿಯ ಬಡ್ಡಿ ಇದು. ಅಸಲು ಇನ್ನೂ ಕಡಲಲ್ಲೇ ಇದೆ.

ಇಷ್ಟು ಹೊತ್ತು ಪರದೇಶದ ಮಾತಾಯಿತು. ನಮ್ಮಲ್ಲಿಗೆ ಬರೋಣ, ಇಲ್ಲಿ ಮಾತು ಇನ್ನೂ ಕಹಿ.

ಬೆಂಗಳೂರಿನವರಿಗೆ ಒಂದು ವಿಷಯ ಗೊತ್ತಿರಲಿಕ್ಕಿಲ್ಲ. ನಮ್ಮ ಊರಿನ ಹೆಸರು ಹೊತ್ತ ಒಂದು ಸ್ಫೋಟಕವಿದೆ, ‘ಬೆಂಗಳೂರು ಟಾರ್ಪಿಡೊ’. ಇಲ್ಲಿನ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಇದನ್ನು ರೂಪಿಸಿದ. ಉದ್ದನೆಯ ಕೊಳವೆಗೆ ಮದ್ದು ತುಂಬಿ ಮುಳ್ಳುತಂತಿಯ ಬೇಲಿಯಡಿ ತಳ್ಳಿ ಸಿಡಿಸುವ ಸಾಧನ. 1944ರಲ್ಲಿ ನಾರ್ಮಂಡಿಯ ದಂಡೆಯಲ್ಲೂ ಅದು ದಾರಿ ಬಿಡಿಸಿತು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರಿದ್ದಾರೆ, ಹೇಳಿಕೊಳ್ಳಲಿ. ಆದರೆ ಒಂದು ಆಯುಧ ಹುಟ್ಟಿದ ಊರು, ಗೆದ್ದ ದಂಡೆ, ರೂಪಿಸಿದವನ ಹೆಸರು ಎಲ್ಲ ದಾಖಲಾಗುತ್ತದೆ. ಬಳಕೆಯಾಗದೆ ಉಳಿದದ್ದು ಎಲ್ಲಿ ಸತ್ತಿತು ಎಂಬುದಕ್ಕೆ ದಾಖಲೆಯೇ ಇರುವುದಿಲ್ಲ. ಹುಟ್ಟಿದ್ದಕ್ಕೆ ನಾಮಕರಣ, ಸತ್ತದ್ದಕ್ಕೆ ಒಂದು ಹಿಡಿ ಮಣ್ಣೂ ಇಲ್ಲ.

ಮಹಾರಾಷ್ಟ್ರದ ವರ್ಧಾ ಜಿಲ್ಲೆಯ ಪುಲಗಾಂವ್‌ನಲ್ಲಿ ದೇಶದ ಅತಿದೊಡ್ಡ ಮದ್ದುಗುಂಡು ಉಗ್ರಾಣವಿದೆ. 2016ರ ಮೇ 31ರ ನಡುರಾತ್ರಿ ಅಲ್ಲಿನ ಒಂದು ಕೊಠಡಿ ಹೊತ್ತಿ ಸಿಡಿಯಿತು. ಅಧಿಕಾರಿಗಳು, ಅಗ್ನಿಶಾಮಕ ಸಿಬ್ಬಂದಿ ಸೇರಿ ಹದಿನಾರಕ್ಕೂ ಹೆಚ್ಚು ಜನ ಸತ್ತರು. ಒಳಗಿದ್ದದ್ದು ಟ್ಯಾಂಕ್ ನಿರೋಧಕ ಮೈನ್‌ಗಳು. ಅವುಗಳಿಂದ ಟಿಎನ್‌ಟಿ ಜಿನುಗುತ್ತಿದೆ, ಅವು ದೋಷಪೂರಿತ ಎಂಬುದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಇಟ್ಟುಕೊಂಡಿದ್ದರು. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಮಲಗಿದ ಹಾಗೆ.

ಹಾಗಿದ್ದರೆ ಬೇಗ ಬೇಗ ಒಯ್ದು ಸಿಡಿಸಬೇಕಿತ್ತು ಅನ್ನುತ್ತೀರಾ? ಎರಡು ವರ್ಷದ ನಂತರ ಅದೂ ಆಯಿತು. 2018ರ ನವೆಂಬರ್ 20ರ ಬೆಳಗ್ಗೆ, ಅದೇ ಪುಲಗಾಂವ್ ಬಳಿಯ ಸೋನೆಗಾಂವ್ ಎಂಬಲ್ಲಿನ ಬಯಲಿನಲ್ಲಿ, ಸಿಡಿಸಲೆಂದು ತಂದ ಹಳೆಯ ಮದ್ದುಗುಂಡಿನ ಪೆಟ್ಟಿಗೆಗಳನ್ನು ಇಳಿಸುವಾಗಲೇ ಸ್ಫೋಟವಾಯಿತು. ಆರು ಜನ ಸತ್ತರು. ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಗುತ್ತಿಗೆದಾರ ಕರೆತಂದ ದಿನಗೂಲಿಗಳು. ಮದ್ದುಗುಂಡು ತಜ್ಞರಲ್ಲ, ಹೊಲದ ಕೆಲಸವಿಲ್ಲದ ದಿನ ಪೆಟ್ಟಿಗೆ ಇಳಿಸಿ ಕೂಲಿ ಎಣಿಸುವವರು.

ಈ ಒಂದು ಬೆಳಗ್ಗೆಯೇ ಸಾಕು ಆ ‘ಸುರಕ್ಷಿತ’ ವಾದದ ಬೆನ್ನು ಮುರಿಯಲು. ಹಳೆಯ ಮದ್ದನ್ನು ಮುಟ್ಟಬಾರದು, ಅದಕ್ಕೇ ಬಯಲು ಅನ್ನುತ್ತಾರೆ. ಬಯಲಿಗೆ ಅದು ತಾನೇ ನಡೆದು ಹೋಗುತ್ತದೆಯೇ? ಲಾರಿಗೆ ಏರಿಸುವುದು ಕೈ, ಇಳಿಸುವುದು ಕೈ, ಗುಂಡಿಯಲ್ಲಿ ಜೋಡಿಸುವುದು ಕೈ. ಆ ಕೈಗೆ ತರಬೇತಿಯಿಲ್ಲ, ಕವಚವಿಲ್ಲ, ಕೆಲಸದ ಖಾತ್ರಿಯೂ ಇಲ್ಲ. ಮುಚ್ಚಿದ ಸ್ಥಾವರದಲ್ಲಿ ಶೆಲ್ಲನ್ನು ಕತ್ತರಿಸುವುದು ಗೋಡೆಯಾಚೆಯಿಂದ ನಡೆಸುವ ಯಂತ್ರ. ಎತ್ತುವುದು, ಒಳಗೆ ಹಾಕುವುದು ಯಂತ್ರ. ನಿಜವಾಗಿ ಮುಟ್ಟಲಾಗದ, ಈಗಲೋ ಆಗಲೋ ಸಿಡಿಯುವಂಥ ಗುಂಡು ಸಿಕ್ಕರೆ ಅದನ್ನು ಅಲ್ಲೇ ಸಿಡಿಸಬೇಕು, ಯಾರೂ ಬೇಡ ಅನ್ನುವುದಿಲ್ಲ. ಹೊಲದಲ್ಲಿ ಉಳುವಾಗ ಸಿಕ್ಕ ಬಾಂಬಿಗೂ, ಪೆಟ್ಟಿಗೆಯಲ್ಲಿ ಕಟ್ಟಿ ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಸಾಗಿಸಿ ತಂದ ಸರಕಿಗೂ ವ್ಯತ್ಯಾಸವಿಲ್ಲವೇ? ಹೆದ್ದಾರಿಯ ಗುಂಡಿಗಳಲ್ಲಿ ಕುಲುಕಿದರೂ ಸಿಡಿಯದ ಮದ್ದು ಕಾರ್ಖಾನೆಯ ಗೇಟಿನ ಮುಂದೆ ಬಂದ ತಕ್ಷಣ ಮುನಿಸಿಕೊಳ್ಳುತ್ತದೆಯೇ?

ಸಿಡಿಸಿದ ಮೇಲೂ ಮುಗಿಯುವುದಿಲ್ಲ. ಬಯಲಲ್ಲಿ ಬಿದ್ದ ಹಿತ್ತಾಳೆ, ತಾಮ್ರ, ಉಕ್ಕು ಗುಜರಿ. ಗುಜರಿಗೆ ಬೆಲೆಯಿದೆ, ಬಡವನ ಜೀವಕ್ಕಿಂತ ಖಚಿತವಾದ ಬೆಲೆ. ಫೈರಿಂಗ್ ರೇಂಜ್ ಇರುವ ಎಲ್ಲ ಕಡೆ ಗುಜರಿ ಆಯುವವರಿದ್ದಾರೆ, ಅವರಲ್ಲಿ ಹೆಂಗಸರು, ಮಕ್ಕಳೂ ಇದ್ದಾರೆ. ಆರದ ಶೆಲ್ ಕೈಯಲ್ಲೇ ಸಿಡಿದ ಸುದ್ದಿ ಒಂದು ಕಾಲಮ್ಮಿನಲ್ಲಿ ಬರುತ್ತದೆ, ‘ಅಕ್ರಮ ಪ್ರವೇಶ’ ಎಂಬ ಷರಾದೊಂದಿಗೆ. 2004ರ ಸೆಪ್ಟೆಂಬರಿನಲ್ಲಿ ಗಾಜಿಯಾಬಾದ್ ಬಳಿಯ ಉಕ್ಕಿನ ಕಾರ್ಖಾನೆಯೊಂದರಲ್ಲಿ ಹತ್ತು ಕಾರ್ಮಿಕರು ಸತ್ತರು. ಹೊರದೇಶದಿಂದ ಗುಜರಿಯೆಂದು ಬಂದ ಲೋಹದಲ್ಲಿ ಜೀವಂತ ಶೆಲ್‌ಗಳಿದ್ದವು. ಯಾವುದೋ ದೇಶದ ವಹಿಯಲ್ಲಿ ವಿಲೇವಾರಿಯಾದ ಮಾಲು ನಮ್ಮ ಕುಲುಮೆಯಲ್ಲಿ ಎದ್ದು ಕೂತಿತು.

ಕಾಶ್ಮೀರದ ಬಡಗಾಂ ಜಿಲ್ಲೆಯ ತೋಸಾಮೈದಾನ ಹುಲ್ಲುಗಾವಲು 1964ರಿಂದ ಐವತ್ತು ವರ್ಷ ಫಿರಂಗಿ ತಾಲೀಮಿಗೆ ಗುತ್ತಿಗೆಯಾಗಿತ್ತು. ಕುರಿ ಮೇಯಿಸಲು ಹೋದವರು, ಸೌದೆಗೆ ಹೋದವರು ಕೈಕಾಲು ಕಳೆದುಕೊಂಡರು, ಜೀವ ಕಳೆದುಕೊಂಡರು. 2014ರಲ್ಲಿ ಗುತ್ತಿಗೆ ಮುಗಿದಾಗ ಹಳ್ಳಿಗರು ಒಗ್ಗಟ್ಟಾಗಿ ನವೀಕರಣ ಬೇಡ ಎಂದರು. ಸೇನೆ ನೆಲ ಬಿಟ್ಟುಕೊಟ್ಟಿತು, ಉಳಿದ ಗುಂಡುಗಳನ್ನು ಹುಡುಕಿ ತೆಗೆಯುವ ಕಾರ್ಯಾಚರಣೆಯನ್ನೂ ನಡೆಸಿತು. ಆದರೂ ಅದರ ನಂತರವೂ ಅಲ್ಲಿ ಗುಂಡು ಸಿಡಿದಿದೆ. ಇದನ್ನು ಹೇಳುವುದು ಸೇನೆಯನ್ನು ಹೀಯಾಳಿಸಲು ಅಲ್ಲ. ಕೇಳಿದವರು ಹಳ್ಳಿಗರು, ಕೇಳಿದ್ದರಿಂದಲೇ ಕೆಲಸ ಆಯಿತು. ಮಿಂಡೆನ್ನಿನಲ್ಲೂ ಅಷ್ಟೆ.

ಆದರೆ ನಮ್ಮಲ್ಲಿ ಕೇಳುವುದೇ ಕಷ್ಟ. ಸೇನೆಯ ವಿಷಯ, ದೇಶದ ಭದ್ರತೆ, ಬಾಯಿ ಮುಚ್ಚಿ. ಸರಿ, ಯಾವ ಕ್ಷಿಪಣಿ ಎಲ್ಲಿದೆ ಎಂದು ಯಾರೂ ಕೇಳುತ್ತಿಲ್ಲ. ಉಪಯೋಗಕ್ಕೆ ಬಾರದು ಎಂದು ಸೇನೆಯೇ ಬರೆದಿಟ್ಟ ಹಳೆಯ ಮದ್ದನ್ನು ಯಾವ ಬಯಲಲ್ಲಿ, ವರ್ಷಕ್ಕೆ ಎಷ್ಟು ಟನ್ ಸುಡುತ್ತೀರಿ, ಆ ಬಯಲ ಪಕ್ಕದ ಬಾವಿಯ ನೀರಿನಲ್ಲಿ ಏನಿದೆ ಎಂದು ಕೇಳಿದರೆ ಅದು ಶತ್ರುವಿಗೆ ಯಾವ ರಹಸ್ಯ? ಕೆಟ್ಟುಹೋದ ಗುಂಡಿನ ಬೂದಿಯಲ್ಲಿ ಎಷ್ಟು ಸೀಸವಿದೆ ಎಂದು ತಿಳಿದು ಯಾವ ದೇಶ ನಮ್ಮ ಮೇಲೆ ದಂಡೆತ್ತಿ ಬಂದೀತು? ಊರಿನ ಮೂಲೆಯಲ್ಲಿ ಪೌರಕಾರ್ಮಿಕ ಒಣಗಿದ ಎಲೆಗೆ ಬೆಂಕಿಯಿಟ್ಟರೆ ಫೋಟೊ ಹೊಡೆದು ಪಾಲಿಕೆಗೆ ಟ್ಯಾಗ್ ಮಾಡುವ ನಾವು, ದೀಪಾವಳಿಗೆ ಎಷ್ಟು ಹೊತ್ತು ಪಟಾಕಿ ಎಂದು ನ್ಯಾಯಾಲಯದವರೆಗೆ ಹೋಗುವ ನಾವು, ಟನ್‌ಗಟ್ಟಲೆ ಟಿಎನ್‌ಟಿಯ ಹೊಗೆಗೆ ಎದ್ದುನಿಂತು ವಂದಿಸುತ್ತೇವೆ.

ದೇಶಭಕ್ತಿಯ ಮಾತಾಡುವವರು ಇನ್ನೊಂದು ವಿಷಯ ಮರೆಯುತ್ತಾರೆ. ಆ ಹೊಗೆಯನ್ನು ಮೊದಲು ಕುಡಿಯುವವನು ಸೈನಿಕ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಅಮೆರಿಕದ ಸೇನೆ ತನ್ನ ಶಿಬಿರಗಳ ಕಸವನ್ನೆಲ್ಲ ತೆರೆದ ಗುಂಡಿಗಳಲ್ಲಿ ಸುಟ್ಟಿತು, ಮದ್ದುಗುಂಡನ್ನೂ ಸೇರಿಸಿ. ಊರಿಗೆ ಮರಳಿದ ಸೈನಿಕರು ಉಸಿರಿನ ಕಾಯಿಲೆ, ಕ್ಯಾನ್ಸರ್ ಎಂದಾಗ ವರ್ಷಗಟ್ಟಲೆ ‘ಪುರಾವೆಯಿಲ್ಲ’ ಎಂದು ತಳ್ಳಿಹಾಕಿದರು. 2022ರಲ್ಲಿ ಕಾನೂನು ಮಾಡಿ ಆ ಕಾಯಿಲೆಗಳನ್ನು ಸೇವೆಯಿಂದ ಬಂದವು ಎಂದು ಒಪ್ಪಿಕೊಳ್ಳಬೇಕಾಯಿತು. ಪುಲಗಾಂವ್‌ನಲ್ಲಿ 2016ರಲ್ಲಿ ಸತ್ತವರು ಯಾರು? ಸಮವಸ್ತ್ರದವರೇ. ಸೈನಿಕನ ಹೆಸರಿನಲ್ಲಿ ಬಾಯಿ ಮುಚ್ಚಿಸುವವರು ಸೈನಿಕನ ಪುಪ್ಪುಸವನ್ನು ಒಮ್ಮೆ ಕೇಳಿ ನೋಡಲಿ.

ಇನ್ನು ಕೊನೆಯ ಆಶ್ರಯ: ‘ನಮ್ಮಂಥ ದೇಶಕ್ಕೆ ಅಂಥ ತಂತ್ರಜ್ಞಾನ ಎಲ್ಲಿ, ಅದಕ್ಕೆ ದುಡ್ಡೆಲ್ಲಿ?’ ಇದನ್ನು ಹೇಳುವವರಿಗೆ 1997 ನೆನಪಿಸಬೇಕು. ಆ ವರ್ಷ ಭಾರತ ತನ್ನಲ್ಲಿ 1,044 ಟನ್ ಸಾಸಿವೆ ಅನಿಲವಿದೆ ಎಂದು ಅಂತರರಾಷ್ಟ್ರೀಯ ಒಪ್ಪಂದದಡಿ ಘೋಷಿಸಿತು. 2009ರ ಹೊತ್ತಿಗೆ ಅಷ್ಟನ್ನೂ, ಅಂತರರಾಷ್ಟ್ರೀಯ ತಪಾಸಣೆಗಾರರ ಕಣ್ಣೆದುರಲ್ಲೇ, ಗಡುವು ಮೀರದೆ ನಾಶಮಾಡಿತು. ಭೂಮಿಯ ಮೇಲಿನ ಅತಿ ಘೋರ ವಿಷಗಳಲ್ಲಿ ಒಂದನ್ನು ಲೆಕ್ಕ ಕೊಟ್ಟು, ಹೊರಗಿನವರನ್ನು ಒಳಗೆ ಬಿಟ್ಟುಕೊಂಡು ಮುಗಿಸಿದ ದೇಶಕ್ಕೆ ಹಳೆಯ ಫಿರಂಗಿ ಮದ್ದಿನ ಮುಂದೆ ಮಾತ್ರ ಕೈಕಾಲು ನಡುಗುವುದೇ? ಅಮೆರಿಕದ ಕೆಂಟಕಿಯ ಬ್ಲೂ ಗ್ರಾಸ್‌ನಲ್ಲಿ ನರವಿಷದ ರಾಕೆಟ್‌ಗಳನ್ನು ದಹನಕುಲುಮೆಯಲ್ಲಿ ಸುಡುವ ಯೋಜನೆಯನ್ನು ಊರವರು ಕ್ರೇಗ್ ವಿಲಿಯಮ್ಸ್ ಎಂಬ ಮಾಜಿ ಸೈನಿಕನ ಮುಂದಾಳತ್ವದಲ್ಲಿ ದಶಕಗಳ ಕಾಲ ಎದುರಿಸಿದರು. ಸುಡುವ ಬದಲು ನೀರು, ಕ್ಷಾರದಿಂದ ವಿಷವನ್ನು ಒಡೆಯುವ ಸ್ಥಾವರ ಬಂತು. 2023ರ ಜುಲೈ 7ರಂದು ಅಲ್ಲಿನ ಕೊನೆಯ ರಾಕೆಟ್ ನಾಶವಾಗುವುದರೊಂದಿಗೆ ಆ ದೇಶದ ರಾಸಾಯನಿಕ ಅಸ್ತ್ರಗಳ ಸಂಗ್ರಹವೇ ಮುಗಿಯಿತು. ಒಂದು ಹನಿ ತಾಗಿದರೆ ಪ್ರಾಣ ತೆಗೆಯುವ ವಿಷಕ್ಕೆ ಮುಚ್ಚಿದ ಸ್ಥಾವರ ಸಾಧ್ಯ, ಟಿಎನ್‌ಟಿಗೆ ಅಸಾಧ್ಯ ಅಂದರೆ ನಂಬಲು ನಮ್ಮ ಕಿವಿಯಲ್ಲೇನು ಹೂವಿದೆಯೇ?

ವಿಧಾನಗಳು ರಹಸ್ಯವೂ ಅಲ್ಲ. ಶೆಲ್ಲನ್ನು ಭಾರಿ ಒತ್ತಡದ ನೀರಿನ ಧಾರೆಯಿಂದ ಕತ್ತರಿಸಬಹುದು, ಕಿಡಿ ಹಾರುವುದಿಲ್ಲ. ಟಿಎನ್‌ಟಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ನಮ್ಮ ಅಡುಗೆಮನೆಯ ಕುದಿಯುವ ನೀರಿಗಿಂತ ಕಡಿಮೆ ಶಾಖ. ಹಬೆಯಿಂದ ಕರಗಿಸಿ ಹೊರತೆಗೆದು ಗಣಿಗಾರಿಕೆಯ ಸ್ಫೋಟಕಕ್ಕೆ ಮತ್ತೆ ಬಳಸಬಹುದು. ದ್ರವ ಸಾರಜನಕದಲ್ಲಿ ಮುಳುಗಿಸಿ ಗಟ್ಟಿಯಾದ ಮೇಲೆ ಒಡೆಯಬಹುದು. ಸುಡಲೇಬೇಕಾದದ್ದನ್ನು ದಪ್ಪ ಉಕ್ಕಿನ ಕೋಣೆಯೊಳಗೆ ಸುಟ್ಟು ಹೊಗೆ ಶೋಧಿಸಬಹುದು. ಜರ್ಮನಿಯ ಮುನ್‌ಸ್ಟರ್‌ನಲ್ಲಿ ಎರಡು ಮಹಾಯುದ್ಧಗಳ ಕೊಳೆಯನ್ನು ಹೀಗೆ ಮುಚ್ಚಿದ ಕುಲುಮೆಗಳಲ್ಲೇ ತೊಳೆಯುತ್ತಿದ್ದಾರೆ. ಇದರಲ್ಲಿ ಯಾವುದೂ ದೋಷವಿಲ್ಲದ್ದಲ್ಲ; ಶೋಧಕ ಕೆಡುತ್ತದೆ, ತೊಳೆದ ನೀರಿಗೂ ಒಂದು ದಾರಿ ಬೇಕು. ಆದರೆ ಅಲ್ಲಿ ಕೊಳೆ ಒಂದು ಪೈಪಿನಲ್ಲಿ, ಒಂದು ತೊಟ್ಟಿಯಲ್ಲಿ ಇರುತ್ತದೆ, ಅಳೆಯಬಹುದು. ಗಾಳಿಗೆ ಹೋದದ್ದನ್ನು ಅಳೆಯಲು ಯಾರಿಗೂ ಇಷ್ಟವಿಲ್ಲ. ಬಯಲು ಇಷ್ಟವಾಗುವುದಕ್ಕೆ ಅಸಲಿ ಕಾರಣ ಬಹುಶಃ ಅದೇ.

ಆದ್ದರಿಂದ ವಿನಂತಿಯ ಭಾಷೆ ಸಾಕು. ಬಯಲಲ್ಲಿ ಸುಡುವುದಕ್ಕೆ ಒಂದು ಕೊನೆಯ ದಿನಾಂಕ ಬೇಕು, ‘ಹಂತಹಂತವಾಗಿ’ ಎಂಬ ಜಾರುಮಾತಲ್ಲ. ಪುಲಗಾಂವ್‌ನಿಂದಲೇ ಶುರುವಾಗಲಿ; ಸತ್ತವರ ಸಂಖ್ಯೆಯಿಂದ ಅದಕ್ಕೆ ಆ ಹಕ್ಕಿದೆ. ಅಲ್ಲಿಯವರೆಗೆ ಪ್ರತಿ ಸುಡುವ ಬಯಲಿನ ಸುತ್ತಲಿನ ಬಾವಿ, ಕೆರೆ, ಹೊಲದ ಮಣ್ಣನ್ನು ಸೇನೆಯ ಹೊರಗಿನ ಪ್ರಯೋಗಾಲಯ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ, ಆ ಊರಿನ ಭಾಷೆಯಲ್ಲಿ. ಮದ್ದುಗುಂಡಿನ ಪೆಟ್ಟಿಗೆ ಎತ್ತಲು ಗುತ್ತಿಗೆದಾರನ ದಿನಗೂಲಿಯನ್ನು ಕರೆಯುವುದು ಅಪರಾಧವಾಗಲಿ. ಆ ಕೆಲಸಕ್ಕೆ ತರಬೇತಿ, ಸಂಬಳ, ವಿಮೆ ಇರುವ ಕಾಯಂ ನೌಕರ ಬೇಕು. ಗುಜರಿ ಆಯುವ ಹೆಂಗಸಿನ ಮೇಲೆ ಕೇಸು ಹಾಕುವ ಮೊದಲು, ಆರದ ಗುಂಡನ್ನು ಅವಳ ದಾರಿಯಲ್ಲಿ ಬಿಟ್ಟುಹೋದವರ ಮೇಲೆ ಕೇಸು ಬೀಳಲಿ.

ಮತ್ತು ಗಿಡವಾಗಿದ್ದಾಗಲೇ ಬಗ್ಗಿಸುವ ಒಂದು ಕೆಲಸವಿದೆ. ಈಗ ಸ್ವದೇಶಿ ಮದ್ದುಗುಂಡು ತಯಾರಿಕೆಯ ಉತ್ಸಾಹ ಜೋರಾಗಿದೆ. ಖಾಸಗಿ ಕಾರ್ಖಾನೆಗಳು ಬರುತ್ತಿವೆ, ರಫ್ತಿನ ಅಂಕಿ ಸಂಸತ್ತಿನಲ್ಲಿ ಮೇಜು ಕುಟ್ಟಿಸಿಕೊಳ್ಳುತ್ತಿದೆ. ಇಂದು ತುಂಬುವ ಪ್ರತಿಯೊಂದು ಶೆಲ್ಲೂ ಇಪ್ಪತ್ತು-ಮೂವತ್ತು ವರ್ಷಕ್ಕೆ ಮುದಿಯಾಗುತ್ತದೆ. ಅದನ್ನು ಬಿಚ್ಚುವುದು ಹೇಗೆ, ಬಿಚ್ಚುವವರು ಯಾರು, ಅದರ ಹಣ ಯಾವ ಖಾತೆಯಲ್ಲಿ ಇಂದೇ ಜಮೆಯಾಗಿದೆ ಎಂಬುದಕ್ಕೆ ಖರೀದಿಯ ಕಡತದಲ್ಲಿ ಒಂದು ಕಾಲಂ ಇರಲಿ. ತಯಾರಕ ಅದನ್ನು ತುಂಬಲಿ. ತುಂಬದ ಕಡತ ಯಾವ ಮೇಜಿನಲ್ಲಿದೆಯೋ ಅಲ್ಲೇ ಇರಲಿ. ಅದರ ಮೇಲೆ ಯಾರೂ ಸಹಿ ಹಾಕಕೂಡದು.